ಕಲ್ಲಜ್ಜಿ ಕೂರುವ ದೃಶ್ಯ

ಮಾರ್ಚ್ 3, ಸೋಮವಾರ

ನಮ್ಮ ಮಕ್ಕಳ ಅನಿಮೇಷನ್ ಸರಣಿಯ ಹನ್ನೊಂದನೆಯ ಕಂತಿನ ಚಿತ್ರಗಳು ಇವತ್ತು ಪೂರ್ತಿ ಬಂದವು, ಬಣ್ಣ, ನೆರಳು, ನೀರು ಎಲ್ಲ ಸೇರಿ. ಟಿವಿ ವಾಹಿನಿಯವರು ಕೇಳಿದ್ದರೆಂದು ಮಧ್ಯಾಹ್ನ ಕೂತು ಸಾರಾಂಶ ಬರೆದುಕೊಟ್ಟೆ: "ಸಮುದ್ರ ಊರೊಳಗೆ ನುಗ್ಗದಂತೆ ಏಳುನೂರು ವರ್ಷದಿಂದ ಎದೆ ಕೊಟ್ಟು ನಿಂತಿರುವ ಕಲ್ಲಿನ ಮುದುಕಿ ಕಲ್ಲಜ್ಜಿ. ಊರಿನವರು ಕೊನೆಗೂ ತಾವೇ ಒಂದು ಗೋಡೆ ಕಟ್ಟಿದ್ದಾರೆ. ದೀಪದ ಮನೆಯ ಹುಡುಗಿ ಬಂದು ಸುದ್ದಿ ಹೇಳುತ್ತಾಳೆ. ಕಲ್ಲಜ್ಜಿ ಕೂರುತ್ತಾಳೆ."

ವಾಹಿನಿಯಿಂದ ಮರುಪ್ರಶ್ನೆ ಬಂತು: "ಕೂತ ಮೇಲೆ?"

ಕೂತ ಮೇಲೆ ಏನೂ ಇಲ್ಲ. ಅವಳೊಂದು ದ್ವೀಪವಾಗುತ್ತಾಳೆ. ಸರಣಿಯಲ್ಲಿ ಅವಳ ಪಾತ್ರ ಅಲ್ಲಿಗೆ ಮುಗಿಯುತ್ತದೆ. ಮಕ್ಕಳು ಅಳುತ್ತಾರೇನೋ ಎಂದು ಅವರಿಗೆ ಚಿಂತೆ. ಅಳಲಿ ಎಂದು ಬರೆಯಲಿಲ್ಲ. "ತಂಡದೊಂದಿಗೆ ಚರ್ಚಿಸಿ ತಿಳಿಸುತ್ತೇವೆ" ಎಂದು ಬರೆದೆ. ಈ ಕಂತಿನ ಮಟ್ಟಿಗೆ ತಂಡ ಅಂದರೆ ನಾನು, ನಿರ್ದೇಶಕಿ. ಆದರೂ ಬೆರಳು ಆ ಪದವನ್ನೇ ಒತ್ತುತ್ತದೆ.

ಚಿತ್ರಗಳನ್ನು ಹೋದ ತಿಂಗಳೇ ತುಂಡು ತುಂಡಾಗಿ ನೋಡಿ ಒಪ್ಪಿದ್ದೆ, ಎಂದಿನಂತೆ ದನಿ ಮುಚ್ಚಿ. ಚಲನೆ ಸರಿಯಿದೆಯೇ ಎಂದು ನೋಡುವಾಗ ದನಿ ಇರಬಾರದು. ಒಳ್ಳೆಯ ದನಿ ಕೆಟ್ಟ ಚಿತ್ರವನ್ನು ಮರೆಸಿಬಿಡುತ್ತದೆ. ಹೊಸದಾಗಿ ಸೇರಿದವರಿಗೆಲ್ಲ ಇದನ್ನೇ ಹೇಳಿಕೊಡುತ್ತೇನೆ.

ಮನೆಗೆ ಬಂದರೆ ಅಕ್ಕ ಕೋಣೆಯನ್ನು ಗುಡಿಸಿ ಒರೆಸಿ ಇಟ್ಟಿದ್ದರು. ಅಕ್ಕ ಅಂದರೆ ಗಂಡನ ಅಕ್ಕ, ಕೋಣೆ ಅಂದರೆ ನಾನು ಚಿತ್ರ ಬರೆಯುತ್ತಿದ್ದ ಕೋಣೆ. ಅವರ ಮನೆಯಲ್ಲಿ ಬಚ್ಚಲಿನ ಪೈಪು ಒಡೆದು ರಿಪೇರಿ ಶುರುವಾದಾಗ ಹದಿನೈದು ದಿನಕ್ಕೆಂದು ಬಂದವರು. ಅದು ಹೋದ ಬೇಸಿಗೆಯ ಮಾತು. ಮೇಜಿನ ಮೇಲಿದ್ದ ನನ್ನ ರೇಖಾಚಿತ್ರಗಳನ್ನು ಅಳತೆ ಪ್ರಕಾರ ಜೋಡಿಸಿದ್ದರು, ದೊಡ್ಡವು ಕೆಳಗೆ, ಚಿಕ್ಕವು ಮೇಲೆ. ಹನ್ನೆರಡನೆಯ ಕಂತಿನ ಕಥೆ ಈಗ ಕೊನೆಯಿಂದ ಶುರುವಾಗಿ ನಡುವಿನಲ್ಲಿ ಮುಗಿಯುತ್ತದೆ.

"ಎಷ್ಟು ಚೆಲ್ಲಾಪಿಲ್ಲಿ ಇಟ್ಟಿದ್ದೆ ಅಂತೀಯಾ," ಅಂದರು.

"ಥ್ಯಾಂಕ್ಸ್ ಅಕ್ಕ," ಅಂದೆ.

ಊಟದ ಮೇಜಿನಲ್ಲಿ ತಟ್ಟೆಗಳನ್ನು ಆಚೆ ಸರಿಸಿ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಬೇಗ ಮುಗಿಯುತ್ತದೆ. ಆದರೆ ಎಲ್ಲವೂ ಆಫೀಸಿನ ವರದಿಯಂತೆ ಕಾಣುತ್ತದೆ.


ಮಾರ್ಚ್ 5, ಬುಧವಾರ

ಕತ್ತರಿ ಬೆಳಿಗ್ಗೆ ಫೋನ್ ಮಾಡದೆ ನೇರ ನನ್ನ ಜಾಗಕ್ಕೆ ಬಂದ. ನಮ್ಮ ಸಂಕಲನಕಾರನನ್ನು ಎಲ್ಲರೂ ಕರೆಯುವುದು ಹಾಗೆಯೇ. ಬಂದವನು ಸುಮ್ಮನೆ ನಿಂತ. ಅವನು ಸುಮ್ಮನೆ ನಿಲ್ಲುವ ಪೈಕಿಯಲ್ಲ.

"ಒಂದ್ಸಲ ಬನ್ನಿ ಮೇಡಂ. ಅಜ್ಜಿ ಬಾಯಿ ನೋಡಿ."

ನೋಡಿದೆ. ದೊಡ್ಡಮ್ಮನ ದನಿ ಮುಗಿದ ಮೇಲೂ ಕಲ್ಲಜ್ಜಿಯ ಬಾಯಿ ಆಡುತ್ತಿತ್ತು. ಅವರು ಮಾತಾಡುವಾಗ ಕಲ್ಲಜ್ಜಿ ತುಟಿ ಬಿಗಿದುಕೊಂಡು ಸಮುದ್ರ ನೋಡುತ್ತಿದ್ದಳು. ದೊಡ್ಡಮ್ಮ ಎಂದರೆ ಮೊದಲ ಕಂತಿನಿಂದಲೂ ಕಲ್ಲಜ್ಜಿಗೆ ದನಿ ಕೊಟ್ಟ ಹಿರಿಯ ರಂಗನಟಿ. ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮ.

"ಕೂರೋ ದೃಶ್ಯ ಒಂದೇ ಹೀಗಿರೋದು. ಈಗ ಇದನ್ನ ಕೇಳಿ," ಎಂದು ಇನ್ನೊಂದು ದನಿ ಜೋಡಿಸಿದ. ತುಟಿಗಳು ಒಂದು ಕೂದಲೆಳೆಯೂ ತಪ್ಪದೆ ಕೂತವು.

ದನಿ ನನ್ನದು.

ಚಿತ್ರ ಬರೆಯುವ ಮೊದಲು, ಯಾವ ಮಾತಿಗೆ ಎಷ್ಟು ಹೊತ್ತು ಬೇಕೆಂದು ತಿಳಿಯಲು, ಆಫೀಸಿನವರೇ ಯಾರಾದರೂ ಎಲ್ಲ ಪಾತ್ರಗಳ ಮಾತನ್ನೂ ಓದಿ ಧ್ವನಿಮುದ್ರಿಸುತ್ತೇವೆ. ಅದು ಕಚ್ಚಾ ದನಿ. ಆಮೇಲೆ ನಟರ ದನಿ ಬರುತ್ತದೆ, ಕಚ್ಚಾ ದನಿ ಕಸಕ್ಕೆ ಹೋಗುತ್ತದೆ, ಚಿತ್ರ ನಟರ ದನಿಗೆ ತಕ್ಕಂತೆ ತಯಾರಾಗುತ್ತದೆ. ನಮ್ಮಲ್ಲಿ ಕಚ್ಚಾ ದನಿ ಯಾವಾಗಲೂ ನಾನೇ. ನನ್ನ ದನಿಯಲ್ಲಿ ವಿಶೇಷವೇನೂ ಇಲ್ಲ. ಅದಕ್ಕೇ ಕಚ್ಚಾ ದನಿಗೆ ಒಪ್ಪುತ್ತದೆ ಎಂದುಕೊಂಡಿದ್ದೆ. ಈ ದೃಶ್ಯದ ಹೊತ್ತಿಗೆ ದೊಡ್ಡಮ್ಮನಿಗೆ ನೆಗಡಿಯಾಗಿತ್ತು, ತಡವಾಗಿ ಬಂದು ದನಿ ಕೊಟ್ಟರು. ಎರಡು ದನಿಗಳಿಗೂ ಒಂದೇ ಹೆಸರಿಟ್ಟಿದ್ದರಿಂದ ಚಿತ್ರ ಬರೆಯುವ ಸ್ಟುಡಿಯೋಗೆ ಹಳೆಯದೇ ಹೋಗಿದೆ.

ಒಪ್ಪುವಾಗ ಒಂದು ಕ್ಷಣ ದನಿ ತೆರೆದಿದ್ದರೆ ಸಾಕಿತ್ತು.

ನಿರ್ಮಾಪಕರಿಗೆ ಮೇಲ್ ಬರೆದೆ. "ಪರಿಶೀಲನೆಯ ಹಂತದಲ್ಲಿ ಗಮನಕ್ಕೆ ಬಾರದೆ ಹೋಗಿದೆ." ಯಾರ ಗಮನಕ್ಕೆ ಎಂದು ಬರೆಯಲಿಲ್ಲ.


ಮಾರ್ಚ್ 6, ಗುರುವಾರ

ನಿರ್ಮಾಪಕರಿಗೆ ನಾವಿಟ್ಟ ಹೆಸರು ಗಡುವಪ್ಪ. ಅವರ ಮುಂದೆ ಯಾರೂ ಹಾಗನ್ನುವುದಿಲ್ಲ, ಆದರೂ ಅವರಿಗೆ ಗೊತ್ತು. ಅವರ ಕೋಣೆಯ ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇಲ್ಲ.

"ಮತ್ತೆ ಬರೆಸೋಕೆ ಎಷ್ಟು ದಿನ?"

"ಐದು ವಾರ," ಅಂದ ಕತ್ತರಿ. "ಅಲೆ, ಹೆಗಲು, ಮುಖ, ಎಲ್ಲಾ ಒಂದಕ್ಕೊಂದು ಹೆಣೆದಿದೆ. ಒಂದನ್ನ ಎಳೆದ್ರೆ ಎಲ್ಲಾ ಬಿಚ್ಕೊಳ್ಳುತ್ತೆ."

ಪ್ರಸಾರ ಏಪ್ರಿಲ್ ಐದಕ್ಕೆ. ಗಡುವಪ್ಪ ದೃಶ್ಯವನ್ನು ನನ್ನ ಕಚ್ಚಾ ದನಿಯೊಂದಿಗೆ ನೋಡಿದರು. ಮತ್ತೊಮ್ಮೆ ನೋಡಿದರು.

"ಮೇಡಂ, ಇದನ್ನೇ ಇಟ್ಟುಬಿಡೋಣ. ಯಂತ್ರಕ್ಕೆ ಹಾಕಿ ಸ್ವಲ್ಪ ಮುದುಕಿ ಮಾಡಿದ್ರಾಯ್ತು."

"ನನ್ನನ್ನಾ?"

"ದನಿನ."

ಕತ್ತರಿ ಚಾವಣಿ ನೋಡಿದ.

"ಹತ್ತು ಕಂತಿನಿಂದ ಮಕ್ಕಳು ದೊಡ್ಡಮ್ಮನ ದನಿ ಕೇಳಿದ್ದಾರೆ," ಅಂದೆ.

"ಮಕ್ಕಳು ಬಿಸ್ಕತ್ತು ತಿಂತಾ ನೋಡ್ತಾರೆ ಮೇಡಂ. ಮತ್ತೆ, ನಿಜ ಹೇಳ್ತೀನಿ, 'ಸಾಕು ಕಣೇ ಮರಿ' ಅಂದಮೇಲೆ ನೀವು ಸ್ವಲ್ಪ ಹೊತ್ತು ನಿಲ್ಲಿಸ್ತೀರಲ್ಲ, ಆಮೇಲೆ 'ನಾನು ಕೂತ್ಕೋತೀನಿ' ಅಂತೀರಲ್ಲ, ಅಲ್ಲಿ ನನಗೆ ಒಂಥರಾ ಆಯ್ತು. ನನಗೆ ಸಾಮಾನ್ಯವಾಗಿ ಏನೂ ಆಗಲ್ಲ."

"ಪುಟ ತಿರುಗಿಸ್ತಿದ್ದೆ ಅನ್ಸುತ್ತೆ," ಅಂದೆ.

ದೊಡ್ಡಮ್ಮನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಹಾಗೆ ಹೊಗಳಿದಾಗ ನನಗೆ ಖುಷಿಯಾಯಿತೇ? ಆಯಿತು. ಈ ಡೈರಿಯಲ್ಲಾದರೂ ಒಪ್ಪಿಕೊಳ್ಳಬೇಕು. ಲಿಫ್ಟಿನೊಳಗೆ ಬರುವ ಹೊತ್ತಿಗೆ ಅದು ನಾಚಿಕೆಯಾಗಿತ್ತು.


ಮಾರ್ಚ್ 7, ಶುಕ್ರವಾರ

ದೊಡ್ಡಮ್ಮನ ಮನೆಯ ಗೋಡೆಯ ಮೇಲೆ ನಾಟಕದ ಫೋಟೋ ಒಂದೂ ಇಲ್ಲ. ಎಲ್ಲವನ್ನೂ ತಂಗಿಯ ಮನೆಗೆ ಸಾಗಿಸಿದ್ದಾರಂತೆ, "ನನ್ನನ್ನೇ ನಾನು ಎಷ್ಟೂಂತ ನೋಡ್ಲಿ." ಈಗ ನೋಡಬೇಕೆಂದರೂ ಕಣ್ಣು ಸರಿಯಾಗಿ ಕಾಣುವುದಿಲ್ಲ. ಚಹಾ ಬಗ್ಗಿಸುವಾಗ ಅವರು ಕಪ್ಪನ್ನು ನೋಡುವುದಿಲ್ಲ, ಸದ್ದು ಕೇಳುತ್ತಾರೆ. ಸದ್ದು ಸಣ್ಣಗಾದಾಗ ನಿಲ್ಲಿಸುತ್ತಾರೆ. ಒಂದು ತೊಟ್ಟೂ ಚೆಲ್ಲಲಿಲ್ಲ.

"ಹೇಳು," ಅಂದರು. "ಚೀಲ ತೊಡೆ ಮೇಲೇ ಇಟ್ಕೊಂಡು ಕೂತಿದ್ದೀಯ. ಕೆಟ್ಟ ಸುದ್ದಿ ತಂದಿರೋರು ಹಾಗೇ ಕೂರೋದು."

ಹೇಳಿದೆ.

"ನಾನು ಮಾಡಿದ್ದು ಚೆನ್ನಾಗಿರ್ಲಿಲ್ವಾ?"

"ಹಾಗಲ್ಲ ದೊಡ್ಡಮ್ಮ. ತಪ್ಪಾಗಿ ಹಳೆಯದು ಹೋಗಿಬಿಟ್ಟಿದೆ."

"ಯಾರ ತಪ್ಪು?"

"ತಂಡದಲ್ಲಿ..." ಅಂದೆ. ಅವರು ಕಾದರು. "ನೋಡಿ ಒಪ್ಪಿದ್ದು ನಾನು."

"ಹೂಂ. ಕೇಳಿಸು ನಿನ್ನದನ್ನ."

ಫೋನಿನಲ್ಲಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಅವರ ಚಪ್ಪಲಿಗಳನ್ನು ನೋಡುತ್ತಿದ್ದೆ.

"ಚೆನ್ನಾಗಿದೆ," ಅಂದರು. "ಅದೇ ತೊಂದರೆ. ಕೆಟ್ಟದಾಗಿದ್ದಿದ್ರೆ ಬೈದು ಸಮಾಧಾನ ಮಾಡ್ಕೋತಿದ್ದೆ."

ಆಮೇಲೆ ಚಹಾ ಕುಡಿದರು. "ಜೀವನ ಪೂರ್ತಿ ರಂಗದ ಮೇಲೆ ನಿಂತಿದ್ದೀನಿ. ಸಾಯೋ ದೃಶ್ಯ ಎಷ್ಟು ಕೊಟ್ಟಿದ್ದಾರೆ ಗೊತ್ತಾ? ಬಾವಿಗೆ ಬಿದ್ದಿದ್ದೀನಿ, ವಿಷ ಕುಡಿದಿದ್ದೀನಿ, ಒಂದ್ಸಲ ಬರೀ ಸುದ್ದಿ ಕೇಳೇ ಸತ್ತಿದ್ದೀನಿ. ಕೂರೋ ದೃಶ್ಯ ಯಾರೂ ಕೊಟ್ಟಿರ್ಲಿಲ್ಲ. ನೀನು ಕೊಟ್ಟೆ. ಈಗ ನೀನೇ ಹೋಗಿ ಕೂತುಬಿಟ್ಟಿದ್ದೀಯ."

ನಾನೂ ಕಪ್ಪನ್ನು ಕೈಗೆತ್ತಿಕೊಂಡೆ.

"ಇದಾದ ಮೇಲೆ ನನಗೆ ಬೇರೆ ಕೆಲಸ ಬರಲ್ಲ ಕಣೇ. ಬೇಜಾರಿಲ್ಲ. ಬರೆದದ್ದು ಓದೋಕಾಗದೆ ಇರೋಳನ್ನ ಯಾರು ಕರೀತಾರೆ? ಆದ್ರೆ ಕೊನೇದು ನನ್ನ ಬಾಯಿಂದ ಬರ್ಲಿ. ಯಂತ್ರದಲ್ಲಿ ಅರೆದ ನಿನ್ನ ದನಿ ನನ್ನ ಹೆಸರಲ್ಲಿ ಹೋಗೋದು ಬೇಡ."

"ನೋಡೋಣ," ಅಂದೆ. ಮೆಟ್ಟಿಲು ಇಳಿಯುವಾಗ ಯೋಚಿಸಿದೆ. ಮಾಡೋಣ ಅನ್ನಬಹುದಿತ್ತು.


ಮಾರ್ಚ್ 9, ಭಾನುವಾರ

ಟಿವಿಯಲ್ಲಿ ನಮ್ಮ ಹಳೆಯ ಕಂತುಗಳನ್ನು ಮತ್ತೆ ಹಾಕಿದ್ದರು. ಅಕ್ಕ ಒಂದನ್ನೂ ಬಿಡುವುದಿಲ್ಲ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕಲ್ಲಜ್ಜಿಯ ಮೇಲೆ ಮ್ಯಾನೇಜರಿನ ಕಾಳಜಿ.

"ಇವಳು ಯಾಕೆ ಯಾವಾಗ್ಲೂ ನಿಂತೇ ಇರ್ತಾಳೆ? ಒಂದು ದಿನ ರಜೆ ಕೊಡೋಕಾಗಲ್ವಾ ನಿಮಗೆ?"

"ರಜೆ ಕೊಟ್ರೆ ಊರು ಮುಳುಗುತ್ತೆ ಅಕ್ಕ."

"ಮುಳುಗಲಿ ಬಿಡು. ಊರಿನವರು ಈಜು ಕಲೀತಾರೆ."

ಗಂಡ ನಕ್ಕ. ನಾನೂ ನಕ್ಕೆ. ಅವರ ಜೊತೆ ಬೇಸರವಾಗುವುದಿಲ್ಲ, ಅದು ನಿಜ. ಅದನ್ನು ಆಗಾಗ ನನಗೆ ನಾನೇ ನೆನಪಿಸಿಕೊಳ್ಳುತ್ತಿರುತ್ತೇನೆ.

ಪಾತ್ರೆ ತೊಳೆಯುವಾಗ ಗಂಡ ಪಕ್ಕದಲ್ಲಿ ಬಂದು ನಿಂತ. "ಅಕ್ಕ ತಾನಾಗೇ ಹೊರಡ್ತಾಳೆ. ನೀನು ಏನೂ ಅನ್ಬೇಡ."

"ನಾನೇನೂ ಅಂದಿಲ್ವಲ್ಲ."

"ಅದೇ. ನೀನು ಏನೂ ಅನ್ನದೆ ಇದ್ರೂ ಏನೋ ಅಂದ ಹಾಗೇ ಇರುತ್ತೆ."

ಇನ್ನೂ ಮೆಲ್ಲಗೆ ತೊಳೆದೆ.


ಮಾರ್ಚ್ 11, ಮಂಗಳವಾರ

ಎರಡು ದಿನದಿಂದ ಕತ್ತರಿಯ ಕೋಣೆಯಲ್ಲೇ ಇದ್ದೇನೆ. ಕಲ್ಲಜ್ಜಿಯ ಬಾಯಿ ಕಾಣುವ ಕಡೆಯಲ್ಲೆಲ್ಲ ಹುಡುಗಿಯ ಮುಖವನ್ನೋ, ಸಮುದ್ರವನ್ನೋ, ಅಜ್ಜಿಯ ಬೆನ್ನನ್ನೋ ಹಾಕುತ್ತ ಬಂದೆವು. ಬಾಯಿ ಕಾಣದಿದ್ದರೆ ದೊಡ್ಡಮ್ಮ ತಮ್ಮ ಪಾಡಿಗೆ ಮಾತಾಡಬಹುದು. ಕೊನೆಗೆ ನಾಲ್ಕು ಚೂರು ಉಳಿದವು, ಮುಖವನ್ನು ತೋರಿಸಲೇಬೇಕಾದವು. ಮೂರು ಚಿಕ್ಕವು. ನಾಲ್ಕನೆಯದು 'ನಾನು ಕೂತ್ಕೋತೀನಿ' ಅನ್ನುವ ಆ ಸಾಲು.

"ಇದನ್ನೂ ಬೆನ್ನಿಂದ ತೋರಿಸಿದ್ರೆ?" ಅಂದ.

"ಏಳುನೂರು ವರ್ಷ ಊರಿಗೆ ಬೆನ್ನನ್ನೇ ತೋರಿಸಿದ್ದಾಳೆ. ಈಗ ತಿರುಗ್ತಾಳೆ. ಅದೇ ದೃಶ್ಯ."

"ಹಾಗಾದ್ರೆ ಆ ಮೌನದೊಳಗೆ ದೊಡ್ಡಮ್ಮ ನಿಲ್ಲಬೇಕು. ಅಲೆ ಹಿಂದೆ ಸರಿಯುತ್ತೆ, ಹೆಗಲು ಏಳುತ್ತೆ, ಆಮೇಲೆ ಬಾಯಿ. ನಿಮ್ಮ ಉಸಿರಿನ ಲೆಕ್ಕದಲ್ಲೇ ಬರೆದಿದ್ದಾರೆ ಮೇಡಂ. ಏನು ಚೆನ್ನಾಗಿ ಬರೆದಿದ್ದಾರೆ ಅಂದ್ರೆ, ನೋಡಿದ್ರೆ ನೀವೇ."

ಕಲ್ಲಿನ ಮುದುಕಿಗೂ ನನಗೂ ಏನು ಹೋಲಿಕೆ ಎಂದು ಕೇಳಲಿಲ್ಲ.


ಮಾರ್ಚ್ 12, ಬುಧವಾರ

ದೊಡ್ಡಮ್ಮ ಬಂದರು. ಸಾಲುಗಳೆಲ್ಲ ಬಾಯಿಪಾಠ. ಬಾಯಿ ಕಾಣದ ಕಡೆಗೆ ಅವರ ಮೊದಲಿನ ದನಿಯನ್ನೇ ಇಟ್ಟಿದ್ದೆವು, ಕೇಳಿ ಖುಷಿಪಟ್ಟರು. ಉಳಿದ ನಾಲ್ಕು ಚೂರಿಗೆ ಇಡೀ ಬೆಳಿಗ್ಗೆ ಹೋಯಿತು. ಪರದೆಯ ಮೇಲಿನ ತುಟಿ ಅವರಿಗೆ ಕಾಣುವುದಿಲ್ಲ. ನಾನು ಕೈಬೀಸಿ ಸನ್ನೆ ಮಾಡಿದರೆ ಅದೂ ಮಬ್ಬು. ಒಮ್ಮೆ ಮೊದಲೇ ಶುರುಮಾಡಿದರು, ಒಮ್ಮೆ ಅಜ್ಜಿ ಮಾತು ಮುಗಿಸಿ ಬಾಯಿ ಮುಚ್ಚಿಕೊಂಡ ಮೇಲೆ.

"ಇದು ನನ್ನ ಉಸಿರಲ್ಲ ಕಣೇ," ಅಂದರು. "ಬೇರೆಯವರ ಚಪ್ಪಲಿ ಹಾಕ್ಕೊಂಡು ಮೆಟ್ಟಿಲು ಹತ್ತಿದ ಹಾಗಾಗುತ್ತೆ. ಅಲ್ಲಿ ಮಧ್ಯದಲ್ಲಿ ನಿಂತಿದ್ದೀಯಲ್ಲ, ಯಾಕೆ?"

"ಪುಟ ತಿರುಗಿಸ್ತಿದ್ದೆ."

"ಪುಟದ ಸದ್ದು ಕೇಳ್ಲಿಲ್ವಲ್ಲ."

ಗಾಜಿನಾಚೆಯಿಂದ ಕತ್ತರಿ, ಯಾರೂ ತನ್ನನ್ನು ಕೇಳದಿದ್ದರೂ, "ಪುಟದ ಸದ್ದು ಇಲ್ಲ ಮೇಡಂ, ನಾನೂ ಹುಡುಕಿದೆ," ಅಂದ.

ಊಟದ ಹೊತ್ತಿಗೆ ದೊಡ್ಡಮ್ಮನ ದನಿ ಗೊಗ್ಗರಾಯಿತು. ಕಾರಿನವರೆಗೆ ಕೈಹಿಡಿದು ಕರೆದುಕೊಂಡು ಹೋದೆ. ಬಾಗಿಲು ಹಾಕುವ ಮುಂಚೆ, "ಆಗಲ್ಲ ಅಂದ್ರೆ ಆಗಲ್ಲ ಅಂತ ನೀನೇ ಹೇಳು. ಆ ನಿರ್ಮಾಪಕನ ಬಾಯಿಂದ ಬೇಡ," ಅಂದರು.


ಮಾರ್ಚ್ 13, ಗುರುವಾರ

ತಲೆನೋವು. ಅಕ್ಕ ಬಂದು ಹಣೆಗೆ ಮುಲಾಮು ತಿಕ್ಕಿದರು, ನನ್ನ ಕೋಣೆಯಲ್ಲಿ, ನನ್ನ ಮಂಚದ ಮೇಲೆ, ಅತಿಥಿಗೆ ತಿಕ್ಕುವ ಹಾಗೆ.


ಮಾರ್ಚ್ 14, ಶುಕ್ರವಾರ

ಗಡುವಪ್ಪ ನನ್ನ ದನಿಯನ್ನು ಯಂತ್ರಕ್ಕೆ ಹಾಕಿಸಿಯೇ ಬಿಟ್ಟಿದ್ದರು. ಕೇಳಿಸಿದರು. ಕೊಳವೆಯೊಳಗೆ ಸಿಕ್ಕಿಕೊಂಡ ಮುದುಕಿಯ ಹಾಗಿತ್ತು.

"ಬೇಡ," ಅಂದೆ.

"ತಂಡ ಏನನ್ನುತ್ತೆ?"

"ತಂಡಾನ ಕೇಳಿಲ್ಲ. ನಾನು ಹೇಳ್ತಿದ್ದೀನಿ. ಅದು ದೊಡ್ಡಮ್ಮನ ದೃಶ್ಯ."

ಅವರು ಕ್ಯಾಲೆಂಡರ್ ನೋಡಿದರು, ಕತ್ತರಿಯನ್ನು ನೋಡಿದರು. ಕತ್ತರಿ ತನ್ನ ಉಗುರು ನೋಡಿಕೊಳ್ಳುತ್ತಿದ್ದ.

"ಸೋಮವಾರ ಬೆಳಿಗ್ಗೆ. ಅದೇ ಕೊನೆ. ಆಗಿಲ್ಲ ಅಂದ್ರೆ ಮಧ್ಯಾಹ್ನ ಈ ಯಂತ್ರದ ಅಜ್ಜೀನೇ ಹೋಗೋದು. ನನ್ನ ಮೇಲೆ ಕೋಪ ಮಾಡ್ಕೋಬೇಡಿ."

"ಕೋಪ ಏನಿಲ್ಲ," ಅಂದೆ. ನಿಜಕ್ಕೂ ಇರಲಿಲ್ಲ. ಅವರಿಗೆ ಅವರ ಕೆಲಸ.

ವಾಹಿನಿಯವರು ಮತ್ತೆ ಬರೆದಿದ್ದರು, ಮಕ್ಕಳು ಅಳುವ ವಿಷಯ. ಸ್ವಲ್ಪ ಅತ್ತರೂ ಪರವಾಗಿಲ್ಲ ಎಂದು ಉತ್ತರ ಬರೆದು ಕಳಿಸಿದೆ. ತಿರುಗಿ ಓದಿ ನೋಡಲಿಲ್ಲ, ತುಂಬ ಕೆಲಸವಿತ್ತು.


ಮಾರ್ಚ್ 17, ಸೋಮವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ದೊಡ್ಡಮ್ಮ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದರು. ಈ ಸಲ ನಾನು ಗಾಜಿನಾಚೆ ಕೂರದೆ ಒಳಗೆ ಅವರ ಪಕ್ಕದಲ್ಲೇ ನಿಂತೆ. ಕಲ್ಲಜ್ಜಿ ಬಾಯಿ ತೆರೆಯುವಾಗ ಅವರ ಭುಜ ಮುಟ್ಟುವುದು, ಮುಚ್ಚಿದಾಗ ಕೈ ತೆಗೆಯುವುದು. ಇಷ್ಟು ಸುಲಭದ ಉಪಾಯ ಬುಧವಾರ ಯಾಕೆ ಹೊಳೆಯಲಿಲ್ಲವೋ. ಮೂರು ಚಿಕ್ಕ ಚೂರುಗಳು ಬೇಗ ಮುಗಿದವು. ನಾಲ್ಕನೆಯದಕ್ಕೆ ಮಾತ್ರ ಆಗಲಿಲ್ಲ. ಹೊತ್ತು ಸರಿಯಾಗಿತ್ತು, ಆದರೆ ಆ ಮೌನ ಬರಿಯ ಕಾಯುವಿಕೆಯಾಗಿತ್ತು, ಬಸ್ಸಿಗೆ ಕಾದ ಹಾಗೆ. ಅವರಿಗೂ ಗೊತ್ತಾಯಿತು. ಹೆಡ್‌ಫೋನ್ ತೆಗೆದಿಟ್ಟರು.

"ಆ ಹುಡುಗನಿಗೆ ನಮ್ಮ ಮಾತು ಕೇಳಿಸುತ್ತಾ?"

"ಮೈಕ್ ಆಫ್ ಮಾಡಿದ್ರೆ ಕೇಳಿಸಲ್ಲ."

"ಮಾಡು."

ಮಾಡಿದೆ.

"ಪುಟದ ಕಥೆ ಬೇಡ. ಆ ಜಾಗದಲ್ಲಿ ಏನಿತ್ತು ಹೇಳು. ಖಾಲಿ ಜಾಗದಲ್ಲಿ ನನಗೆ ನಿಲ್ಲೋಕಾಗಲ್ಲ. ನಾಟಕದಲ್ಲೂ ಅಷ್ಟೇ, ಇಲ್ಲಿ ಸುಮ್ಮನಿರಿ ಅಂದ್ರೆ ಯಾತಕ್ಕೆ ಅಂತ ಕೇಳಿಯೇ ಸುಮ್ಮನಾಗ್ತಿದ್ದೆ."

ಏನಾದರೂ ಕಟ್ಟಿ ಹೇಳಬಹುದಿತ್ತು, ಕಟ್ಟುವುದು ನನ್ನ ಕೆಲಸವೇ. ಆದರೆ ಅವರ ಕಿವಿಯನ್ನು ನೆನೆದರೆ ಧೈರ್ಯ ಬರಲಿಲ್ಲ.

"ಅವತ್ತು ಸಂಜೆ ಅದು ಕೊನೇ ಸಾಲು," ಅಂದೆ. "ಓದಿಬಿಟ್ರೆ ಕೆಲಸ ಮುಗೀತಿತ್ತು. ಮನೆಗೆ ಹೋಗ್ಬೇಕಿತ್ತು. ಹೋಗೋದು ಬೇಡ ಅನ್ನಿಸ್ತಿತ್ತು."

"ಮನೇಲಿ ಯಾರಿದ್ದಾರೆ?"

"ಗಂಡ. ಗಂಡನ ಅಕ್ಕ."

"ಹೊಡೀತಾರಾ? ಬೈತಾರಾ?"

"ಅಯ್ಯೋ ಇಲ್ಲ. ಇಬ್ರೂ ತುಂಬ ಒಳ್ಳೆಯವರು."

"ಹಾಗಾದ್ರೆ ಕಷ್ಟವೇ," ಅಂದರು.

"ಅಕ್ಕ ಹದಿನೈದು ದಿನಕ್ಕೆ ಅಂತ ಬಂದ್ರು. ನನ್ನ ಕೋಣೆ ಬಿಟ್ಟುಕೊಟ್ಟೆ. ಕೇಳಿರ್ಲಿಲ್ಲ ಅವರು, ನಾನೇ ಕೊಟ್ಟೆ. ಇನ್ನೂ ಇದ್ದಾರೆ. ಇಷ್ಟೇ ವಿಷಯ ದೊಡ್ಡಮ್ಮ. ಹೇಳೋಕೂ ನಾಚಿಕೆಯಾಗುತ್ತೆ, ಅಷ್ಟು ಚಿಕ್ಕದು. ಮನೆಗೆ ಹೋದ್ರೆ ನನಗೆ ಕೂರೋಕೆ ಜಾಗ ಇಲ್ಲ."

ದೊಡ್ಡಮ್ಮ ನನ್ನ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ಇದಕ್ಕೇನೇ ಏಳುನೂರು ವರ್ಷ ನಿಲ್ಲಿಸಿದ್ದು ಅವಳನ್ನ?" ಅಂದರು. ನಗಲು ಶುರುಮಾಡಿದರು. ಕೆಮ್ಮು ಬರುವಷ್ಟು ನಕ್ಕರು. ನನಗೂ ತಡೆಯಲಾಗಲಿಲ್ಲ. ಗಾಜಿನಾಚೆ ಕತ್ತರಿ ಎರಡೂ ಕೈ ಎತ್ತಿ ಏನಾಯಿತೆಂದು ಕೇಳುತ್ತಿದ್ದ, ಅವನ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ಬಿಸಿನೀರು ಕುಡಿದು, ನಗು ಪೂರ್ತಿ ಇಳಿಯುವ ಮೊದಲೇ, "ಹಾಕ್ಸು," ಅಂದರು.

ಮೈಕ್ ಹಾಕಿದೆ. ಭುಜ ಮುಟ್ಟಿದೆ. "ಸಾಕು ಕಣೇ ಮರಿ," ಅಂದರು. ಕೈ ತೆಗೆದೆ. ಪರದೆಯ ಮೇಲೆ ಅಲೆ ಹಿಂದೆ ಸರಿಯಿತು, ಕಲ್ಲಜ್ಜಿಯ ಹೆಗಲು ಎದ್ದಿತು. ನನ್ನ ಉಸಿರಿಗೆಂದು ಬರೆದಿದ್ದ ಆ ಹೆಗಲ ಜಾಗದಲ್ಲಿ ದೊಡ್ಡಮ್ಮ ತುಟಿ ತೆರೆಯದೆ, ಮೂಗಿನಿಂದ, ಸಣ್ಣಗೆ ನಕ್ಕರು. ಊರಿಗೂ ಅಲ್ಲ, ಸಮುದ್ರಕ್ಕೂ ಅಲ್ಲ, ತನಗೆ ತಾನೇ ನಕ್ಕ ನಗು. ಇಷ್ಟು ವರ್ಷ ಇದು ಹೊಳೆಯಲೇ ಇಲ್ಲವಲ್ಲ ಅನ್ನುವ ಹಾಗೆ. ಭುಜ ಮುಟ್ಟಿದೆ. "ನಾನು ಕೂತ್ಕೋತೀನಿ."

ನಾನು ಅದನ್ನು ಭಾರವಾಗಿ ಓದಿದ್ದೆ. ಅವರ ಬಾಯಲ್ಲಿ ಅದಕ್ಕೆ ತೂಕವೇ ಇರಲಿಲ್ಲ. ಮಾರ್ಕೆಟ್ಟಿನಿಂದ ಬಂದವಳು ಚೀಲ ಕೆಳಗಿಟ್ಟು ಹೇಳುವ ಮಾತು.

ಕತ್ತರಿ ಅದನ್ನು ಚಿತ್ರದೊಂದಿಗೆ ಓಡಿಸಿ ತೋರಿಸಿದ. ಹೆಗಲು ಅಲುಗಿದ್ದು ಆ ನಗುವಿಗೇ ಎಂದು ಯಾರಾದರೂ ಆಣೆ ಮಾಡಿ ಹೇಳಬಹುದು. ಗಡುವಪ್ಪ ಬಾಗಿಲಲ್ಲಿ ನಿಂತು ನೋಡಿದರು, ಗಡಿಯಾರ ನೋಡಲಿಲ್ಲ.

"ಇನ್ನೊಂದ್ಸಲ ತಗೋಳ್ಳೋಣ್ವಾ, ಎಚ್ಚರಿಕೆಗೆ?" ಅಂದರು.

"ಬೇಡ," ಅಂದೆ. "ಆಯ್ತು."

ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ನಿನ್ನ ಜಾಗ ತಗೊಂಡೆ, ಬೇಜಾರಿಲ್ಲ ತಾನೆ?" ಅಂದರು. ಇಲ್ಲ ಅಂದೆ.


ಮಾರ್ಚ್ 18, ಮಂಗಳವಾರ

ಧ್ವನಿ ಮಿಶ್ರಣ ಶುರುವಾಯಿತು. ಸಮುದ್ರದ ಸದ್ದು ಜಾಸ್ತಿಯಾಗಿದೆ, ಕಮ್ಮಿ ಮಾಡಿಸಬೇಕು.

ಸಂಜೆ ಅಕ್ಕ ಬೀನ್ಸ್ ನಾರು ತೆಗೆಯುತ್ತಿದ್ದರು. ನಾನೂ ಕೂತೆ. "ಅಕ್ಕ, ನನಗೆ ಕೋಣೆ ಬೇಕು. ಈ ತಿಂಗಳು ಮುಗಿಯೋದ್ರೊಳಗೆ ನಿಮ್ಮ ಮನೆಗೆ ಹೋಗೋ ಹಾಗೆ ನೋಡ್ತೀರಾ?" ಅಂದೆ.

ಅವರು ಕೈಯಲ್ಲಿದ್ದ ಬೀನ್ಸ್ ಮುಗಿಸಿದರು. "ಪೈಪು ಸರಿಯಾಗಿ ಎಷ್ಟೋ ತಿಂಗಳಾಯ್ತು."

"ಗೊತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಹೊರಟ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ನಾನಿದ್ದೆ. ಒಂದ್ಸಲ ಹೊರಡ್ತೀನಿ ಅಂದಾಗ 'ಇರಿ ಅಕ್ಕ' ಅಂದೋಳು ನೀನೇ ಅಲ್ವಾ?"

ನಾನೇ ಅಂದಿದ್ದೆ. ಒತ್ತಾಯ ಮಾಡಿಯೇ ಅಂದಿದ್ದೆ.

ಅವರು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. "ಏನಂದೆ ಅವಳಿಗೆ?" ಎಂದು ಗಂಡ ಕೇಳಿದ. ಕೋಣೆ ಬೇಕು ಅಂದೆ ಅಂತ ಹೇಳಿದೆ. "ಅಷ್ಟೇನಾ?" ಅಷ್ಟೇ. "ನಾನೇ ಹೇಳೋಣ ಅಂತಿದ್ದೆ," ಅಂದ. ಯಾವಾಗ ಅಂತ ಕೇಳಿದೆ. ಅವನು ನೀರು ತರಲು ಎದ್ದು ಹೋದ.


ಮಾರ್ಚ್ 23, ಭಾನುವಾರ

ಅಕ್ಕ ಹೋದರು. ಗಂಡ ಬಿಟ್ಟು ಬಂದ. ಹೊರಡುವಾಗ ನನ್ನ ಕೆನ್ನೆ ತಟ್ಟಿದರು, ಸ್ವಲ್ಪ ಜೋರಾಗಿಯೇ. ಒಳ್ಳೆಯ ದಿಂಬನ್ನು ತೆಗೆದುಕೊಂಡು ಹೋಗಿದ್ದಾರೆ.

ಕೋಣೆ ನಾನು ನೆನೆದುಕೊಂಡಿದ್ದಷ್ಟು ದೊಡ್ಡದಲ್ಲ. ಮಧ್ಯಾಹ್ನವೆಲ್ಲ ಹನ್ನೆರಡನೆಯ ಕಂತನ್ನು ಮೊದಲಿನಿಂದ ಜೋಡಿಸಿದೆ. ಮನೆಯಲ್ಲಿ ಟಿವಿಯ ಸದ್ದಿಲ್ಲ. ಒಂದೆರಡು ಸಲ ಕಿವಿಗೊಟ್ಟು ಕೇಳಿದೆ.


ಏಪ್ರಿಲ್ 5, ಶನಿವಾರ

ಪ್ರಸಾರವಾಯಿತು. ಗಂಡನ ಜೊತೆ ನೋಡಿದೆ. ಅಜ್ಜಿ ಕೂರುವ ಜಾಗ ಬಂದಾಗ ಅವನು ಮೆಲ್ಲಗೆ ನನ್ನ ಕಡೆ ತಿರುಗಿದ. ನೋಡಲಿಲ್ಲ ನಾನು, ಕಲ್ಲಜ್ಜಿಯ ಹಿಂದಿನ ಮೋಡದ ಬಣ್ಣ ಸ್ವಲ್ಪ ಮಂಕಾಗಿತ್ತು.

ಮುಗಿದ ಕೂಡಲೇ ಅಕ್ಕನ ಫೋನ್. ಹೋದ ಮೇಲೆ ಮೊದಲನೆಯದು. "ಮೊಣಕಾಲವರೆಗೂ ನೀರು ಬಂತಲ್ಲ, ಶೀತ ಆಗಲ್ವಾ ಅವಳಿಗೆ?"

"ಕಲ್ಲು ಅಕ್ಕ ಅವಳು."

"ಕಲ್ಲಾದ್ರೇನು." ಆಮೇಲೆ, "ಕೂರೋಕೆ ಮುಂಚೆ ನಗ್ತಾಳಲ್ಲ. ಅದು ಚೆನ್ನಾಗಿತ್ತು," ಅಂದರು. ದಿಂಬಿನ ವಿಷಯ ನಾನು ಎತ್ತಲಿಲ್ಲ.

ದೊಡ್ಡಮ್ಮನೂ ಮಾಡಿದ್ದರು. ತಂಗಿಯ ಮನೆಯಲ್ಲಿ ಮಕ್ಕಳ ನಡುವೆ ಕೂತು ಕೇಳಿದರಂತೆ. ತಂಗಿಯ ಮೊಮ್ಮಗಳು ಎದ್ದು ಬಂದು ಇವರ ಗಂಟಲಿಗೆ ಕೈಯಿಟ್ಟು ನೋಡಿದಳಂತೆ, ಅಲ್ಲಿಂದಲೇ ಬಂತಾ ಅಂತ. "ಇನ್ನೊಂದ್ಸಲ ಹೇಳು ಅಂದ್ಲು. ಹೇಳ್ದೆ. ನಂಬಿದ್ಲು."

ಮಕ್ಕಳು ಅತ್ತರಾ ಎಂದು ಕೇಳಿದೆ.

"ಒಬ್ಬನೇ ಅತ್ತಿದ್ದು. ತಂಗಿ ಗಂಡ."


ಏಪ್ರಿಲ್ 8, ಮಂಗಳವಾರ

ಹದಿಮೂರನೆಯ ಕಂತಿನ ಕಚ್ಚಾ ದನಿ ತೆಗೆಯುವುದಿತ್ತು. ಹಡಗಿನ ರಾಣಿಯ ಭಾಗ, ಉದ್ದುದ್ದ ಮಾತುಗಳು. ಕತ್ತರಿ ಮೈಕ್ ಜೋಡಿಸಿ, ಮಾತಿನ ಹಾಳೆಗಳನ್ನು ಅದರ ಮುಂದಿಟ್ಟು ಬಂದು ಕೂತ. ಗಡುವಪ್ಪ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಎಲ್ಲರೂ ಕಾಯುತ್ತಿದ್ದರು. ನನ್ನ ಚಹಾ ಆಗಷ್ಟೇ ಬಂದಿತ್ತು, ಇನ್ನೂ ಬಿಸಿಯಿತ್ತು.

ನಾನು ಏಳಲಿಲ್ಲ, ಕಪ್ಪನ್ನು ಕೈಗೆತ್ತಿಕೊಂಡೆ. ಆಮೇಲೆ ಗಡುವಪ್ಪ ಗಂಟಲು ಸರಿಮಾಡಿಕೊಂಡು ಎದ್ದು ಮೈಕಿನ ಬಳಿಗೆ ಹೋದರು. ರಾಣಿಯ ಮಾತುಗಳನ್ನೆಲ್ಲ ಅವರೇ ಓದಿದರು, ಕೆಟ್ಟದಾಗಿ, ಎಲ್ಲೂ ಉಸಿರು ಬಿಡದೆ. ನಾನು ಕೂತು ಕೇಳಿದೆ, ಚಹಾ ಮುಗಿಯುವವರೆಗೂ.